ಒಂದು ಚೌಕದ ಚರಿತ್ರೆ

ಮೊನ್ನೆ ಭಾನುವಾರ ನನ್ನ ತಂಗಿಯ ಮಗ ಬಂದು ಒಂದು ಚೀಟಿಯನ್ನು ನನ್ನ ಮುಂದಿಟ್ಟ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಬರೆಸಿಕೊಂಡು ಬಂದ ಪಟ್ಟಿ ಅದು. ಹೊಸ ಪ್ರೊಸೆಸರು, ಹೊಸ ಮದರ್‌ಬೋರ್ಡು, ಹೊಸ ಮೆಮೊರಿ, ಹೊಸ ಪವರ್ ಸಪ್ಲೈ, ಹೊಸ ಕ್ಯಾಬಿನೆಟ್ಟು. ಹೀಗೆ ಐದು ಬಾಬ್ತು, ಕೆಳಗೆ ಗೆರೆ, ಗೆರೆಯ ಕೆಳಗೆ ಮೊತ್ತ. ಎರಡು ವರ್ಷ ಮನೆಪಾಠ ಹೇಳಿ ಅವನು ಕೂಡಿಟ್ಟಿದ್ದ ಹಣವನ್ನೆಲ್ಲ ಸುರಿದರೂ ಅಷ್ಟೇ ಹಣವನ್ನು ಮತ್ತೆ ಸಾಲ ಮಾಡಬೇಕಾಗಿದ್ದಿತು.

“ಎಲ್ಲಾ ಬದಲಾಯಿಸಲೇಬೇಕಂತೆ ಮಾವ. ಹಳೇ ಯಂತ್ರ ಆಟಕ್ಕೆ ಬರೋದಿಲ್ಲ ಅಂದರು. ನೀವೇನಂತೀರಿ?” ಎಂದ.

ಚರಿತ್ರೆಯ ಮೇಷ್ಟರಾಗಿದ್ದವನನ್ನು ಇಂಥ ಪ್ರಶ್ನೆ ಕೇಳುವುದೇ ಎಂದು ವಾಚಕರಿಗೆ ಅನ್ನಿಸಬಹುದು. ಆದರೆ ಮನುಷ್ಯನ ಕೈಯಿಂದ ಆದ ವಸ್ತುವಿಗೆಲ್ಲ ಒಂದು ಚರಿತ್ರೆಯುಂಟು; ಅದನ್ನು ಅರಿಯದೆ ಕೊಳ್ಳಹೊರಟವನು ಅಂಗಡಿಯವನು ಬರೆದುಕೊಟ್ಟುದನ್ನೇ ಶಾಸನವೆಂದು ತಿಳಿಯುತ್ತಾನೆ.

“ನಿನ್ನ ಬೋರ್ಡು ಯಾವುದೋ?” ಎಂದೆ.

“ಬಿ450 ಮಾವ. 2018ರಲ್ಲಿ ಅಪ್ಪ ಕೊಡಿಸಿದ್ದು.”

“ಹಾಗಾದರೆ ಚೀಟಿ ಜೇಬಿನಲ್ಲಿರಲಿ. ಮೊದಲು ಆ ಬೋರ್ಡಿನ ನಡುವೆ ಇರುವ ಚೌಕದ ಕಥೆ ಕೇಳು.”

ಮದರ್‌ಬೋರ್ಡಿನ ನಡುವೆ ಅಂಗೈಗಿಂತ ಚಿಕ್ಕದಾದ ಚೌಕವೊಂದಿದೆ. ಅದಕ್ಕೆ ಸಾಕೆಟ್ಟು ಎನ್ನುತ್ತಾರೆ. ಪ್ರೊಸೆಸರು ಕುಳಿತುಕೊಳ್ಳುವ ಪೀಠ ಅದು. ಯಾವ ಪ್ರೊಸೆಸರನ್ನು ಕೊಳ್ಳಲಿ ಎಂಬ ಪ್ರಶ್ನೆಗೆ ಅರ್ಧ ಉತ್ತರ ಇರುವುದು ಈ ಪೀಠದಲ್ಲಿ. ಹಳೆಯದನ್ನು ಇಳಿಸಿ ಹೊಸದನ್ನು ಕೂರಿಸಿಕೊಳ್ಳಲು ಪೀಠ ಒಪ್ಪಿದರೆ ಒಂದೇ ವಸ್ತುವಿನ ಖರ್ಚು. ಒಪ್ಪದಿದ್ದರೆ ಬೋರ್ಡು ಹೋಗಬೇಕು. ಅದರ ಹಿಂದೆಯೇ ಅನೇಕ ವೇಳೆ ಮೆಮೊರಿಯೂ ಹೋಗಬೇಕು. ಒಂದು ಭಾಗವನ್ನು ಕಿತ್ತು ಉಳಿದುದನ್ನು ಉಳಿಸಿಕೊಳ್ಳುವ ಈ ಸ್ವಾತಂತ್ರ್ಯ ನಮಗೆ ಹೇಗೆ ಬಂದಿತೆಂಬುದೇ ಸೋಜಿಗದ ಸಂಗತಿ.

1981ರ ಆಗಸ್ಟ್ 12ರಂದು ಅಮೆರಿಕದ ಐಬಿಎಂ ಕಂಪೆನಿ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಿತು. ಬೇಗನೆ ಪೇಟೆಗೆ ಬರಬೇಕೆಂಬ ಆತುರದಲ್ಲಿ ಕಂಪೆನಿಯವರು ಈ ಯಂತ್ರಕ್ಕೆ ಹೊರಗಿನವರ ಭಾಗಗಳನ್ನೇ ಕೊಂಡು ಜೋಡಿಸಿದರು. ಪ್ರೊಸೆಸರು ಇಂಟೆಲ್ಲಿನ 8088, ವೇಗ 4.77 ಮೆಗಾಹರ್ಟ್ಸ್. ಅದರ ಪಕ್ಕದಲ್ಲಿ ಇನ್ನೊಂದು ಪೀಠವನ್ನು ಖಾಲಿ ಬಿಟ್ಟಿದ್ದರು. ಲೆಕ್ಕ ಹೆಚ್ಚಾಗಿ ಮಾಡುವವನು 8087 ಎಂಬ ಗಣಿತದ ಸಹಾಯಕ ಚಿಪ್ಪನ್ನು ಆಮೇಲೆ ಕೊಂಡು ಅಲ್ಲಿ ಕೂರಿಸಿಕೊಳ್ಳಬಹುದಾಗಿದ್ದಿತು. ಇಂದು ಹುಡುಗರು ಅಪ್‌ಗ್ರೇಡ್ ಎನ್ನುವುದರ ಬೀಜ ಆ ಖಾಲಿ ಪೀಠದಲ್ಲಿಯೇ ಇದ್ದಿತು.

ಐಬಿಎಂನವರಿಗೆ ಇನ್ನೊಂದು ಅಳುಕಿದ್ದಿತು. ಪ್ರೊಸೆಸರಿಗೆ ಒಬ್ಬನನ್ನೇ ನಂಬಿ ಕುಳಿತರೆ, ಅವನ ಕಾರ್ಖಾನೆ ನಿಂತ ದಿನ ತಮ್ಮ ವ್ಯಾಪಾರವೂ ನಿಲ್ಲುವುದಲ್ಲವೇ? ಆದುದರಿಂದ ಅದೇ ಚಿಪ್ಪನ್ನು ಮಾಡಿಕೊಡುವ ಇನ್ನೊಬ್ಬನೂ ಬೇಕೆಂದು ಕೇಳಿದರು. 1982ರಲ್ಲಿ ಇಂಟೆಲ್ಲಿಗೂ ಎಎಂಡಿಗೂ ಒಪ್ಪಂದವಾಯಿತು. ಇಂದು ಅಂಗಡಿಯಲ್ಲಿ ಇದೋ ಅದೋ ಎಂದು ತೂಗಿನೋಡಲು ನಮಗೆ ಎರಡು ಹೆಸರುಗಳಿದ್ದರೆ, ಅದಕ್ಕೆ ಕಾರಣ ಯಾರ ಔದಾರ್ಯವೂ ಅಲ್ಲ. ದೊಡ್ಡ ಗಿರಾಕಿಯೊಬ್ಬನ ಮುಂಜಾಗ್ರತೆ. ಮುಂದೆ 386 ಬಂದಾಗ ಇಂಟೆಲ್ಲು ಅದನ್ನು ಹಂಚಿಕೊಳ್ಳಲು ಒಪ್ಪಲಿಲ್ಲ. ವ್ಯಾಜ್ಯ ಬಹುಕಾಲ ನಡೆಯಿತು. ಎಎಂಡಿಯ 386 ಪೇಟೆಗೆ ಬಂದುದು 1991ರಲ್ಲಿ.

ಆಮೇಲೆ ಕೆಲಕಾಲ ಚೌಕದ ಸುವರ್ಣಯುಗ. ಸಾಕೆಟ್ 7 ಎಂಬ ಪೀಠದ ಮೇಲೆ ಇಂಟೆಲ್ಲಿನ ಪೆಂಟಿಯಮ್ಮೂ ಕೂರುತ್ತಿದ್ದಿತು. ಎಎಂಡಿಯ ಕೆ5, ಕೆ6 ಕೂರುತ್ತಿದ್ದುವು. ಸೈರಿಕ್ಸ್ ಎಂಬ ಮೂರನೆಯ ಕಂಪೆನಿಯ 6ಎಕ್ಸ್86 ಕೂಡ ಕೂರುತ್ತಿದ್ದಿತು. ಧರ್ಮಛತ್ರದ ಜಗಲಿಯಂತೆ, ಯಾರು ಬಂದರೂ ಸ್ಥಳವಿದ್ದಿತು. ಇದರಲ್ಲಿ ಒಂದು ಸ್ವಾರಸ್ಯವುಂಟು. ಸೈರಿಕ್ಸಿನವರು ತಮ್ಮ 133 ಮೆಗಾಹರ್ಟ್ಸಿನ ಚಿಪ್ಪಿಗೆ 166 ಎಂಬ ಅಂಕಿಯನ್ನು ಹಚ್ಚಿ ಮಾರಿದರು: 166ರ ಪೆಂಟಿಯಮ್ಮಿಗೆ ಇದು ಸಮ ಎಂದು ಅರ್ಥ. ಆಫೀಸಿನ ಕೆಲಸಕ್ಕೆ ಆ ಮಾತು ಸಲ್ಲುತ್ತಿದ್ದಿತು. ಆದರೆ 1996ರಲ್ಲಿ ‘ಕ್ವೇಕ್’ ಎಂಬ ಆಟ ಬಂದಿತು. ಅದು ದಶಮಾಂಶದ ಲೆಕ್ಕವನ್ನು ಬಹಳವಾಗಿ ಬೇಡುವ ಆಟ. ಆ ಲೆಕ್ಕದಲ್ಲಿ ಪೆಂಟಿಯಂ ಗಟ್ಟಿಗ, ಸೈರಿಕ್ಸ್ ದುರ್ಬಲ. ಕಾಗದದ ಮೇಲೆ ಸಮನಾಗಿದ್ದವನು ಆಟದ ಕಣದಲ್ಲಿ ಹಿಂದೆಬಿದ್ದ. ಅದೇ ವರ್ಷ ಚಿತ್ರ ಬರೆಯುವ ಹೊರೆಯನ್ನು ತಾನೇ ಹೊರುವ ‘ವೂಡೂ’ ಎಂಬ ಬೇರೆ ಕಾರ್ಡೂ ಬಂದಿತು. ಅಲ್ಲಿಂದ ಮುಂದೆ ಆಟದ ಯಂತ್ರಕ್ಕೆ ಎರಡು ಎತ್ತುಗಳಾದುವು: ಪ್ರೊಸೆಸರು ಒಂದು, ಚಿತ್ರದ ಕಾರ್ಡು ಒಂದು. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಲ್ಲಿ ಬಡಕಲಾದುದರ ನಡಿಗೆಯೇ ಗಾಡಿಯ ನಡಿಗೆ.

1997ರಲ್ಲಿ ಜಗಲಿಗೆ ಗೋಡೆ ಎದ್ದಿತು. ಇಂಟೆಲ್ಲಿನ ಪೆಂಟಿಯಂ 2 ಚೌಕವನ್ನು ಬಿಟ್ಟು, ಉದ್ದನೆಯ ಸೀಳಿನಲ್ಲಿ ನೆಟ್ಟಗೆ ನಿಲ್ಲುವ ಪೆಟ್ಟಿಗೆಯಾಗಿ ಬಂದಿತು. ಆ ಸೀಳು ಇಂಟೆಲ್ಲಿನ ಸ್ವಂತ ಸೊತ್ತು, ಬೇರೆಯವರಿಗೆ ಪ್ರವೇಶವಿಲ್ಲ. 1999ರಲ್ಲಿ ಎಎಂಡಿ ತನ್ನ ಅಥ್ಲಾನಿಗೆ ಬೇರೆ ಸೀಳನ್ನೇ ಮಾಡಿಕೊಂಡಿತು. ನೋಡಲು ಎರಡೂ ಒಂದೇ, ಒಳಗಿನ ಸಂಬಂಧ ಬೇರೆ. ಕೆಲವು ವರ್ಷಗಳಲ್ಲಿ ಇಬ್ಬರೂ ಚೌಕಕ್ಕೆ ಮರಳಿದರಾದರೂ ಒಂದೇ ಜಗಲಿಗೆ ಮತ್ತೆ ಬರಲಿಲ್ಲ.

ನಾನು ಮೊದಲ ಕಂಪ್ಯೂಟರನ್ನು ಇದೇ ಎಸ್.ಪಿ. ರಸ್ತೆಯಲ್ಲಿ ಕೊಂಡುದು 1999ರಲ್ಲಿ. ಮೇಷ್ಟರ ಸಂಬಳಕ್ಕೆ ನಿಲುಕಿದ್ದು ಸೆಲೆರಾನ್ 300ಎ. ಇಂಟೆಲ್ಲಿನ ಅಗ್ಗದ ಸಂತಾನ ಅದು. ಅದರ ಅಣ್ಣ, 1998ರ ಏಪ್ರಿಲಿನಲ್ಲಿ ಬಂದ ಮೊದಲ ಸೆಲೆರಾನು, ಎರಡನೆಯ ಹಂತದ ಕ್ಯಾಷ್ ಇಲ್ಲದೆ ಹುಟ್ಟಿ ಹೆಸರು ಕೆಡಿಸಿಕೊಂಡಿದ್ದಿತು. ಕ್ಯಾಷ್ ಎಂದರೆ ಪ್ರೊಸೆಸರಿನ ಮಗ್ಗುಲಲ್ಲೇ ಇರುವ ಪುಟ್ಟ ಉಗ್ರಾಣ. ಅದಿಲ್ಲದಿದ್ದರೆ ಪ್ರತಿಯೊಂದಕ್ಕೂ ದೂರದ ಮೆಮೊರಿಗೆ ಓಡಬೇಕು. ಅದೇ ವರ್ಷದ ಆಗಸ್ಟಿನಲ್ಲಿ ಬಂದ 300ಎ ಒಳಗೆ 128 ಕಿಲೋಬೈಟಿನ ಕ್ಯಾಷ್ ಇಟ್ಟರು. ಅಂಗಡಿಯ ಹುಡುಗ ಬೋರ್ಡಿನ 66 ಮೆಗಾಹರ್ಟ್ಸಿನ ಬಡಿತವನ್ನು 100ಕ್ಕೆ ಏರಿಸಿ, “ನೋಡಿ ಸಾರ್, 300 ಇದ್ದದ್ದು 450 ಆಯ್ತು” ಎಂದು ನಕ್ಕ. ಎಲ್ಲ ಚಿಪ್ಪುಗಳೂ ಹೀಗೆ ತಾಳಿಕೊಳ್ಳುತ್ತಿರಲಿಲ್ಲ, ನನ್ನದು ತಾಳಿತು. ಆರು ವರ್ಷ ಆ ಯಂತ್ರದಲ್ಲಿ ಪಾಠದ ಟಿಪ್ಪಣಿ ಬರೆದೆ. ಮನೆಯ ಹುಡುಗರು ಅದರಲ್ಲಿಯೇ ಆಡಿದರು.

ಆಗ ಎಲ್ಲರ ಬಾಯಲ್ಲೂ ಮೆಗಾಹರ್ಟ್ಸ್. 2000ದ ಮಾರ್ಚಿನಲ್ಲಿ ಎಎಂಡಿ ಒಂದು ಗಿಗಾಹರ್ಟ್ಸನ್ನು ಮುಟ್ಟಿತು. ಎರಡು ದಿನಗಳಲ್ಲಿ ಇಂಟೆಲ್ಲೂ ಮುಟ್ಟಿತು. ಅದೇ ವರ್ಷ ಬಂದ ಪೆಂಟಿಯಂ 4 ಅಂಕಿಯನ್ನು ಏರಿಸುವುದಕ್ಕೆಂದೇ ಹುಟ್ಟಿದಂತಿದ್ದಿತು. ಆದರೆ ಬಿಸಿ ಏರಿತು, ಕೆಲಸ ಅದೇ ಪ್ರಮಾಣದಲ್ಲಿ ಏರಲಿಲ್ಲ. 2004ರಲ್ಲಿ 4 ಗಿಗಾಹರ್ಟ್ಸಿನ ಪೆಂಟಿಯಮ್ಮನ್ನು ತರುವ ಯೋಚನೆಯನ್ನು ಇಂಟೆಲ್ಲು ಕೈಬಿಟ್ಟಿತು. 2006ರ ಕೋರ್ 2 ಡುಯೋ ಕಡಿಮೆ ಅಂಕಿಯಲ್ಲಿಯೇ ಹೆಚ್ಚು ಕೆಲಸ ಮಾಡಿ ತೋರಿಸಿತು. ಡಬ್ಬಿಯ ಮೇಲಿನ ಅಂಕಿಗೂ ಒಳಗಿನ ಗುಣಕ್ಕೂ ನೇರ ಸಂಬಂಧವಿಲ್ಲವೆಂಬ ಪಾಠ ಹೀಗೆ ಎರಡನೆಯ ಸಲ ಆಯಿತು.

ನಮ್ಮ ಹುಡುಗನ ಯಂತ್ರದ ಕಥೆ ಆರಂಭವಾಗುವುದು 2017ರಲ್ಲಿ. ಆ ವರ್ಷದ ಅಕ್ಟೋಬರಿನಲ್ಲಿ ಇಂಟೆಲ್ಲಿನ ಎಂಟನೆಯ ಪೀಳಿಗೆ ಬಂದಾಗ ಅದರ ಚೌಕದಲ್ಲಿ ಹಿಂದಿನಂತೆ 1151 ಸಂಪರ್ಕಗಳೇ ಇದ್ದುವು. ಆದರೂ ಹಳೆಯ ಬೋರ್ಡಿನಲ್ಲಿ ನಡೆಯದು, ಹೊಸ ಬೋರ್ಡೇ ಬೇಕೆಂದರು. ಅದೇ ವರ್ಷದ ಮಾರ್ಚಿನಲ್ಲಿ ರೈಜೆನ್ ಎಂಬ ಪ್ರೊಸೆಸರನ್ನು ತಂದ ಎಎಂಡಿಯಾದರೋ ಎಎಂ4 ಎಂಬ ತನ್ನ ಚೌಕವನ್ನು 2020ರವರೆಗೆ ನಡೆಸುವುದಾಗಿ ಹೇಳಿದ್ದಿತು. ಜನ ಆ ಮಾತನ್ನು ನಂಬಿ ಬೋರ್ಡು ಕೊಂಡರು.

2020ರ ಮೇ ತಿಂಗಳಲ್ಲಿ ಆ ಮಾತಿಗೆ ಪರೀಕ್ಷೆ ಬಂದಿತು. ಮುಂಬರುವ ಪ್ರೊಸೆಸರುಗಳು 500ರ ಸಾಲಿನ ಬೋರ್ಡುಗಳಲ್ಲಿ ಮಾತ್ರ ನಡೆಯುವುವು, ಬಿ450ರಲ್ಲಿ ನಡೆಯವು ಎಂದು ಎಎಂಡಿ ಪ್ರಕಟಿಸಿತು. ಬಯಾಸ್ ಎಂಬ ಮೂಲ ತಂತ್ರಾಂಶವನ್ನು ಇಡುವ ಚಿಪ್ಪಿನಲ್ಲಿ ಅಷ್ಟೆಲ್ಲ ಪ್ರೊಸೆಸರುಗಳ ವಿವರಕ್ಕೆ ಸ್ಥಳ ಸಾಲದೆಂಬುದು ಅವರು ಕೊಟ್ಟ ಕಾರಣ. ಕಾರಣ ಸುಳ್ಳೇನಲ್ಲ. ಆದರೆ ಬಿ450ಕ್ಕೆ ಬದಲಾದ ಅಗ್ಗದ ಬೋರ್ಡು ಆ ದಿನ ಪೇಟೆಗೇ ಬಂದಿರಲಿಲ್ಲ. ನಿನ್ನೆ ಮೊನ್ನೆ ಬಿ450 ಕೊಂಡವರು ಏನು ಮಾಡಬೇಕು? ದೇಶದೇಶಗಳಿಂದ ಗಿರಾಕಿಗಳ ಆಕ್ಷೇಪಣೆ ಎದ್ದಿತು. ಎರಡು ವಾರ ತುಂಬುವ ಮೊದಲೇ ಕಂಪೆನಿ ತನ್ನ ನಿರ್ಧಾರವನ್ನು ಬದಲಿಸಿತು. ಹಳೆಯ ಕೆಲವು ಪ್ರೊಸೆಸರುಗಳ ವಿವರವನ್ನು ಕೈಬಿಟ್ಟಾದರೂ ಸರಿ, ಬಿ450ಕ್ಕೆ ಹೊಸ ಬಯಾಸ್ ಕೊಡಲು ಒಪ್ಪಿತು. 1982ರಲ್ಲಿ ದೊಡ್ಡ ಗಿರಾಕಿಯೊಬ್ಬ ಪಡೆದುದನ್ನು 2020ರಲ್ಲಿ ಸಣ್ಣ ಗಿರಾಕಿಗಳು ಕೂಡಿ ಉಳಿಸಿಕೊಂಡರೆನ್ನಬಹುದು.

2022ರಲ್ಲಿ ಅದೇ ಚೌಕಕ್ಕೆ 5800ಎಕ್ಸ್3ಡಿ ಎಂಬ ಪ್ರೊಸೆಸರು ಬಂದಿತು. ಅದರ ಗಡಿಯಾರದ ವೇಗ ತನ್ನ ಅಣ್ಣನಾದ 5800ಎಕ್ಸ್‌ಗಿಂತ ಕಡಿಮೆ; ಆದರೆ ಕ್ಯಾಷ್ 32ರ ಬದಲು 96 ಮೆಗಾಬೈಟು. ಆಟದಲ್ಲಿ ತಮ್ಮನೇ ಮುಂದು. ನನ್ನ ಬಡ ಸೆಲೆರಾನಿಗೆ ಮಾನ ತಂದ ಉಗ್ರಾಣವೇ ಇಪ್ಪತ್ತನಾಲ್ಕು ವರ್ಷಗಳ ಮೇಲೆ ಈ ದುಬಾರಿ ಚಿಪ್ಪಿಗೂ ಮಾನ ತಂದಿತು.

ಕಥೆ ಮುಗಿಯಿತು, ಇನ್ನು ಹುಡುಗನ ಯಂತ್ರ. ರೈಜೆನ್ 5 2600 ಪ್ರೊಸೆಸರು, 16 ಗಿಗಾಬೈಟ್ ಮೆಮೊರಿ. ಎರಡು ವರ್ಷದ ಹಿಂದೆ ಕೊಂಡ ಆರ್‌ಟಿಎಕ್ಸ್ 3060 ಕಾರ್ಡು. ಅವನು ಆಡುವುದು ಕೌಂಟರ್-ಸ್ಟ್ರೈಕ್ 2. ಎರಡು ಎತ್ತುಗಳಲ್ಲಿ ಬಡಕಲು ಯಾವುದೆಂದು ತಿಳಿಯಲು ಒಂದು ಸುಲಭ ಉಪಾಯವಿದೆ. ಚಿತ್ರದ ಅಳತೆಯನ್ನು ಇಳಿಸಿ ನೋಡಬೇಕು. ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ ಏರಿದರೆ ಬಳಲಿದುದು ಕಾರ್ಡು, ಏರದಿದ್ದರೆ ಪ್ರೊಸೆಸರು. 1920×1080ರಲ್ಲಿ ಸುಮಾರು 110 ಬರುತ್ತಿದ್ದಿತು. 1280×720ಕ್ಕೆ ಇಳಿಸಿದೆವು. ಆಗಲೂ 110.

ಬಯಾಸನ್ನು ತೆರೆದು ನೋಡಿದಾಗ ಇನ್ನೊಂದು ಸಂಗತಿ ಬಯಲಾಯಿತು. 3000ದ ವೇಗವೆಂದು ದುಡ್ಡು ತೆತ್ತು ತಂದ ಮೆಮೊರಿ ಇಷ್ಟು ವರ್ಷವೂ 2133ರಲ್ಲಿಯೇ ನಡೆದಿದ್ದಿತು. ಎಕ್ಸ್‌ಎಂಪಿ ಎಂಬ ಒಂದು ಆಯ್ಕೆಯನ್ನು ಯಾರೂ ಹಾಕಿರಲಿಲ್ಲ. ಹಾಕಿದೆವು. ಕಾಸಿಲ್ಲದೆ ಹತ್ತು ಚಿತ್ರ ಹೆಚ್ಚಿದುವು. ಹುಡುಗ ನನ್ನ ಮುಖ ನೋಡಿದ.

ಆಮೇಲೆ ಅವನೇ ಆರಿಸಿದ: ರೈಜೆನ್ 5 5600. ಆರು ಕೋರು, 32 ಮೆಗಾಬೈಟ್ ಕ್ಯಾಷ್. ಹಳೆಯದರಂತೆಯೇ 65 ವಾಟಿನ ದರ್ಜೆಯದಾದ್ದರಿಂದ ಪವರ್ ಸಪ್ಲೈ ಬದಲಿಸಬೇಕಾದ ಅಗತ್ಯವಿರಲಿಲ್ಲ. ಹೊಸ ಚೌಕಕ್ಕೆ ಹೋಗಿದ್ದರೆ ಹೊಸ ಮೆಮೊರಿಯೂ ಬೇಕಾಗುತ್ತಿದ್ದಿತು. ಏಕೆಂದರೆ 2022ರ ಎಎಂ5 ಪೀಠ ಡಿಡಿಆರ್5 ಅಲ್ಲದೆ ಬೇರೆಯದನ್ನು ಮುಟ್ಟುವುದಿಲ್ಲ.

ಹಳೆಯ ಪ್ರೊಸೆಸರು ಇದ್ದಾಗಲೇ ಬಯಾಸ್ ಬದಲಿಸಿದೆವು. ಮೊದಲೇ ಕಿತ್ತಿದ್ದರೆ ಹೊಸದರ ಗುರುತು ಬೋರ್ಡಿಗೆ ಸಿಗುತ್ತಿರಲಿಲ್ಲ. ಫ್ಯಾನನ್ನು ಕೀಳುವ ಮುನ್ನ ಅರ್ಧ ಗಂಟೆ ಆಟ ನಡೆಸಿ ಬಿಸಿ ಮಾಡಿ, ಆರಿಸಿ, ಮೆಲ್ಲನೆ ತಿರುಚಿದೆವು. ಆದರೂ ನಡುವಣ ಅಂಟು ಬಿಡದೆ, ಫ್ಯಾನಿನ ಜೊತೆಗೇ ಪ್ರೊಸೆಸರೂ ಕಿತ್ತುಕೊಂಡು ಬಂದಿತು. 1331 ಸೂಜಿಗಳಲ್ಲಿ ಒಂದು ಬಾಗಿದ್ದರೂ ಕಷ್ಟ. ಇಬ್ಬರೂ ಉಸಿರು ಬಿಗಿಹಿಡಿದು, ಭೂತಗನ್ನಡಿಯಲ್ಲಿ ಸಾಲುಸಾಲಾಗಿ ನೋಡಿದೆವು. ಎಲ್ಲವೂ ನೆಟ್ಟಗಿದ್ದುವು. ಹೊಸದು ಚೌಕದಲ್ಲಿ ತನ್ನ ಭಾರದಿಂದಲೇ ಇಳಿದು ಕುಳಿತಿತು. ಸಂಜೆಯ ಹೊತ್ತಿಗೆ ಸೆಕೆಂಡಿಗೆ 180ರ ಆಸುಪಾಸು ಚಿತ್ರಗಳು. ಐದು ಬಾಬ್ತಿನ ಪಟ್ಟಿಯಲ್ಲಿ ಒಂದೇ ಬಾಬ್ತಿಗೆ ಹಣ ಹೋಗಿದ್ದಿತು.

ಅಂಗಡಿಯವನನ್ನು ದೂರಲಾರೆ, ಮಾರುವುದು ಅವನ ಕಸುಬು. ಎಲ್ಲ ಹಳೆಯ ಯಂತ್ರಗಳಿಗೂ ಈ ಭಾಗ್ಯವಿಲ್ಲವೆಂಬುದೂ ನಿಜ. ನನಗೆ ಚಿಂತೆ ಬೇರೆಯದು. ಇಂದಿನ ಬಹುಪಾಲು ಲ್ಯಾಪ್‌ಟಾಪುಗಳಲ್ಲಿ ಪ್ರೊಸೆಸರನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಹಲವದರಲ್ಲಿ ಮೆಮೊರಿಯನ್ನೂ ಬೆಸೆದಿರುತ್ತಾರೆ. ಯಂತ್ರ ತೆಳ್ಳಗಾಗುತ್ತದೆ, ವಿದ್ಯುತ್ತು ಉಳಿಯುತ್ತದೆ, ಒಪ್ಪೋಣ. ಆದರೆ ಅಲ್ಲಿ ಚೌಕವಿಲ್ಲ. ಚೌಕವಿಲ್ಲದ ಕಡೆ ಯಾವುದನ್ನು ಇಳಿಸಿ ಯಾವುದನ್ನು ಕೂರಿಸಲಿ ಎಂಬ ಪ್ರಶ್ನೆಯೇ ಏಳುವುದಿಲ್ಲ; ಇಡಿಯ ಯಂತ್ರವನ್ನು ಬಿಸಾಡಲೇ, ಬೇಡವೇ ಎಂಬುದೊಂದೇ ಪ್ರಶ್ನೆ ಉಳಿಯುತ್ತದೆ.

ಇಳಿಸಿದ ಹಳೆಯ ಪ್ರೊಸೆಸರನ್ನು ಹುಡುಗ ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟುಕೊಂಡ.

“ಇದನ್ನೇನು ಮಾಡ್ತೀಯೋ?” ಎಂದೆ.

“ಗೆಳೆಯನ ಹತ್ತಿರ ಇದಕ್ಕಿಂತ ಹಳೇದಿದೆ ಮಾವ, ನಾಲ್ಕು ಕೋರಿನದು. ಅವನ ಬೋರ್ಡಿನಲ್ಲೂ ಇದೇ ಚೌಕ. ಕೊಟ್ಟುಬಿಡ್ತೀನಿ” ಎಂದ.