ಮೊಲದ ರಕ್ತದಲ್ಲಿ ಉಳಿದ ಯುದ್ಧ (ಭಾಗ 4)

ಮಲೆನಾಡಿನವರಿಗೆ ಮಂಗನ ಕಾಯಿಲೆ ಬಗ್ಗೆ ಹೇಳಬೇಕಾಗಿಲ್ಲ. ಕಾಡಲ್ಲಿ ಮಂಗ ಸತ್ತು ಬಿತ್ತು ಅಂದ್ರೆ ಊರೇ ಎಚ್ಚರ ಆಗುತ್ತೆ. 1957ರಲ್ಲಿ ಕ್ಯಾಸನೂರು ಕಾಡಿನ ಕಡೆ ಗಮನ ಹೋಗಿದ್ದೂ ಹಾಗೇ. ಆದರೆ ಉಣುಗು ಹರಡೋ ವೈರಸ್ ಇಟ್ಕೊಂಡೂ ಸಾಯದ ಪ್ರಾಣಿ ಇದ್ರೆ? ಸುಳಿವು ಎಲ್ಲಿಂದ ಸಿಗಬೇಕು ಹೇಳಿ?

ಕಪ್ಪು ಸಮುದ್ರದ ದಡದ ಕ್ರಿಮಿಯಾಗೆ ಹೋಗೋಣ, 1944ಕ್ಕೆ. ಎರಡು ವರ್ಷಕ್ಕೂ ಹೆಚ್ಚು ಜರ್ಮನ್ ಸೇನೆಯ ಹಿಡಿತದಲ್ಲಿದ್ದ ನೆಲವನ್ನ ಸೋವಿಯತ್ ಸೇನೆ ವಾಪಸ್ ಪಡೆದಿತ್ತು. ಅದೇ ಮೇ ತಿಂಗಳಲ್ಲಿ ಸ್ಟಾಲಿನ್ ಸರ್ಕಾರ ಅಲ್ಲಿನ ತಾತಾರರನ್ನ ರೈಲಿಗೆ ತುಂಬಿ ಗಡೀಪಾರು ಮಾಡಿತು (ಅದು ಬೇರೆಯದೇ ಸರಣಿ ಆಗುವಷ್ಟು ನೋವಿನ ಕಥೆ). ಬೇಸಿಗೆಯ ಕೊಯ್ಲಿಗೆ ರೈತರ ಜೊತೆ ಸೈನಿಕರೂ ಹೊಲಕ್ಕಿಳಿದರು. ಸುಮಾರು 200 ಜನ ಮಲಗಿದರು. ಜೋರು ಜ್ವರ, ಒಸಡಲ್ಲಿ ರಕ್ತ, ಮೂಗಲ್ಲಿ ರಕ್ತ, ಚರ್ಮದ ಕೆಳಗೆ ನೀಲಿ ಕಲೆ.

ಪತ್ತೆಗೆ ಬಂದವರು ಮಿಖಾಯಿಲ್ ಚುಮಕೋವ್. 1937ರಲ್ಲಿ ಇನ್ನೊಂದು ಉಣುಗು ವೈರಸ್ ಹುಡುಕೋಕೆ ಹೋಗಿ, ಅದೇ ಸೋಂಕು ತಗುಲಿ ಕಿವಿ ಕಳ್ಕೊಂಡಿದ್ದರು, ಬಲಗೈ ಸ್ವಾಧೀನ ತಪ್ಪಿತ್ತು. ಆದರೂ ಮತ್ತೆ ಉಣುಗುಗಳ ಹಿಂದೆಯೇ ಬಂದರು! ಪ್ರಯೋಗಾಲಯದ ಪ್ರಾಣಿಗಳಲ್ಲಿ ಈ ಕಾಯಿಲೆ ಕಾಣಿಸಲಿಲ್ಲ ಅಂತ ಆ ತಂಡ ಮನುಷ್ಯರಿಗೇ ಚುಚ್ಚಿ ಪರೀಕ್ಷೆ ಮಾಡಿತು. ಇವತ್ತು ಯಾರೂ ಒಪ್ಪಲ್ಲ, ಒಪ್ಪಲೂಬಾರದು. ವೈರಸ್ ಕೈಗೆ ಸಿಕ್ಕಿದ್ದು 1967ರಲ್ಲಿ, ಆಗತಾನೇ ಹುಟ್ಟಿದ ಇಲಿಮರಿಗಳಲ್ಲಿ. 1956ರಲ್ಲಿ ಕಾಂಗೋದ ಒಬ್ಬ ಹುಡುಗನಲ್ಲಿ ಸಿಕ್ಕಿದ್ದ ವೈರಸ್ಸೂ ಇದೇ ಅಂತ 1969ರಲ್ಲಿ ಗೊತ್ತಾಯ್ತು. ಹಾಗಾಗಿಯೇ ಕ್ರಿಮಿಯನ್-ಕಾಂಗೋ ಜ್ವರ ಅನ್ನೋ ಎರಡೂರಿನ ಹೆಸರು.

ಇದರಲ್ಲಿ ಮೊಲದ ಪಾತ್ರ ಏನು ಅಂತೀರಾ? ಯುದ್ಧದಲ್ಲಿ ಹೊಲ ಬೀಳು ಬಿತ್ತು, ಬೇಟೆ ನಿಂತಿತು, ಕಾಡುಮೊಲ ವಿಪರೀತ ಹೆಚ್ಚಿತು. ಹಯಲೋಮಾ ಜಾತಿಯ ಈ ಉಣುಗು ಮರಿಯಾಗಿದ್ದಾಗ ಮೊಲದ ಮೇಲೋ, ನೆಲದಲ್ಲಿ ಮೇಯೋ ಹಕ್ಕಿಯ ಮೇಲೋ ಬೆಳೆಯುತ್ತೆ. ದೊಡ್ಡದಾದ ಮೇಲೆ ದನ ಬೇಕು. ದನ ಇಲ್ಲದಿದ್ರೆ? ಹೊಲದಲ್ಲಿರೋ ಮನುಷ್ಯ. ಈ ಉಣುಗು ಹುಲ್ಲಿನ ತುದೀಲಿ ಕಾಯ್ತಾ ಕೂರಲ್ಲ, ನಮ್ಮನ್ನ ನೋಡಿ ಓಡಿ ಬರುತ್ತೆ. ಕಾಲು ಬಲು ಚುರುಕು.

ಇನ್ನು ಮೊಲದ ಪರೀಕ್ಷೆ. ವೈರಸ್ ಅದರ ರಕ್ತದಲ್ಲಿ ಕೆಲವೇ ದಿನ ಇರುತ್ತೆ, ಆಮೇಲೆ ಮಾಯ. ಅದನ್ನೇ ಹುಡುಕ್ತಾ ಹೋದ್ರೆ ಬರಿಗೈ. ಆದರೆ ಅದರ ವಿರುದ್ಧ ಮೈ ತಯಾರಿಸಿದ ಪ್ರತಿಕಾಯ ಉಳಿಯುತ್ತೆ, ಕಳ್ಳ ಹೋದ ಮೇಲೂ ಅಂಗಳದಲ್ಲಿ ಹೆಜ್ಜೆ ಉಳಿದ ಹಾಗೆ. 1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು ಕಾಡುಮೊಲಗಳ ರಕ್ತದಲ್ಲಿ ಈ ಹೆಜ್ಜೆಗಳನ್ನ ಕಂಡರು. ಸೋಂಕು ಕೊಟ್ಟ ಮೊಲದಿಂದ ರಕ್ತ ಹೀರಿದ ಉಣುಗುಗಳಿಗೂ ವೈರಸ್ ದಾಟಿತ್ತು.

ಭಾರತದಲ್ಲಿ ಇದು ಮೊದಲು ಖಚಿತವಾಗಿದ್ದು 2011ರ ಜನವರಿಯಲ್ಲಿ, ಗುಜರಾತಿನಲ್ಲಿ. ರೋಗಿಗೆ ಚಿಕಿತ್ಸೆ ಕೊಟ್ಟ ವೈದ್ಯರೂ ನರ್ಸೂ ತೀರಿಕೊಂಡರು. ಪುಣೆಯ ವೈರಾಣು ಸಂಸ್ಥೆಯವರು ಆ ಊರಿಗೆ ಹೋಗಿ ಎಮ್ಮೆ, ದನ, ಆಡು, ಕುರಿಗಳ ರಕ್ತ ತೆಗೆದರು. ಅಲ್ಲೂ ಪ್ರತಿಕಾಯ ಸಿಕ್ಕಿತು. ದನಕರು ಮಾತ್ರ ಏನೂ ಆಗದ ಹಾಗೆ ಮೇಯ್ತಾ ಇದ್ದವು.