ಮೋನೋ ತಟ್ಟೆಗಳ ಪುನರುದ್ಧಾರ

ಪ್ರಾಚೀನ ಗ್ರಂಥವೊಂದಕ್ಕೆ ಎರಡು ಪಾಠಗಳು ದೊರೆತಲ್ಲಿ ಕವಿಸಮ್ಮತವಾದುದು ಯಾವುದೆಂದು ನಿರ್ಣಯಿಸುವುದು ಪರಿಷ್ಕರಣಕಾರರ ಮೊದಲನೆಯ ಕರ್ತವ್ಯವು. ಪುಣೆಯ ಭಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದವರು ಮಹಾಭಾರತದ ಪರಿಷ್ಕೃತ ಪಾಠವನ್ನು ಸಿದ್ಧಪಡಿಸುವ ಕಾರ್ಯವನ್ನು 1919ರಲ್ಲಿ ಕೈಕೊಂಡು 1966ರಲ್ಲಿ ಮುಗಿಸಿದರು. ಅದೇ 1966ರಲ್ಲಿ ಇಂಗ್ಲೆಂಡು ಅಮೆರಿಕಗಳಲ್ಲಿ ಹೊರಬಿದ್ದ ಕೆಲವು ಲೌಕಿಕ ಗೀತೆಗಳ ತಟ್ಟೆಗಳ ವಿಷಯದಲ್ಲಿಯೂ ಇಂತಹುದೇ ಪಾಠವಿಚಾರವು ಮುಂದೆ ತಲೆಯೆತ್ತುವುದೆಂದು ಆಗ ಯಾರೂ ಊಹಿಸಿರಲಾರರು. ಹೋಲಿಕೆಯು ಅತಿಯಾಯಿತೆಂದು ಕೆಲವರು ನಗಬಹುದು. ವ್ಯಾಸರ ಗ್ರಂಥವೆಲ್ಲಿ, ಲಿವರ್ಪೂಲಿನ ನಾಲ್ವರು ತರುಣರ ಹಾಡೆಲ್ಲಿ! ಆದರೆ ವಸ್ತುವಿನ ಗೌರವವು ಹೇಗೇ ಇರಲಿ, ಕರ್ತೃವಿನ ಅಭಿಪ್ರಾಯಕ್ಕೆ ಸಲ್ಲತಕ್ಕ ನ್ಯಾಯವು ಎರಡೆಡೆಯಲ್ಲಿಯೂ ಒಂದೇ ಆಗಿರುವುದು.

ಮೋನೋ ಎಂದರೇನೆಂಬುದನ್ನು ಮೊದಲು ತಿಳಿಯಬೇಕು. ತಟ್ಟೆಯ ಗೀರಿನಲ್ಲಿ ಮುಳ್ಳು ಎಡಬಲಕ್ಕೆ ಮಾತ್ರ ಓಲಾಡುವಂತೆ ಕೊರೆದಿದ್ದರೆ ಅದರಿಂದ ಒಂದೇ ಧ್ವನಿಪ್ರವಾಹವು ಹೊರಡುವುದು. ಬರ್ಲಿನರನು 1887ರಲ್ಲಿ ಗ್ರಾಮಫೋನನ್ನು ಕಂಡುಹಿಡಿದಂದಿನಿಂದ ನಮ್ಮ ಮನೆಗಳ ಕೀಲಿ ಕೊಡುವ ಯಂತ್ರಗಳವರೆಗೆ ರೂಢಿಯಲ್ಲಿದ್ದುದು ಈ ಕ್ರಮವೇ. ಆಂಗ್ಲ ಯಂತ್ರಶಾಸ್ತ್ರಜ್ಞನಾದ ಆಲನ್ ಬ್ಲಮ್ಲೈನನು 1931ರ ಡಿಸೆಂಬರಿನಲ್ಲಿ ಒಂದು ಪೇಟೆಂಟಿಗೆ ಅರ್ಜಿ ಸಲ್ಲಿಸಿದನು. ಗೀರಿನ ಎರಡು ಗೋಡೆಗಳನ್ನೂ ನಲವತ್ತೈದು ಅಂಶಗಳ ಓರೆಯಲ್ಲಿಟ್ಟು, ಒಂದರಲ್ಲಿ ಎಡದ ಧ್ವನಿಯನ್ನೂ ಮತ್ತೊಂದರಲ್ಲಿ ಬಲದ ಧ್ವನಿಯನ್ನೂ ಅಡಗಿಸಬಹುದೆಂಬುದು ಅದರೊಳಗಿನ ಒಂದು ತತ್ತ್ವ. ಸ್ಟೀರಿಯೊ ಎಂಬುದು ಇದೇ. ಪಾಪ, ಇದರ ಭಾಗ್ಯವನ್ನು ಕಾಣಲು ಆತನು ಉಳಿಯಲಿಲ್ಲ. 1942ರಲ್ಲಿ, ಯುದ್ಧಕಾಲದ ರೇಡಾರ್ ಯಂತ್ರವನ್ನು ಪರೀಕ್ಷಿಸುತ್ತಿದ್ದ ವಿಮಾನವು ಬಿದ್ದು ಮೃತನಾದನು. ಸ್ಟೀರಿಯೊ ತಟ್ಟೆಗಳು ಅಂಗಡಿಗೆ ಬಂದುದು 1958ರ ಸುಮಾರಿಗೆ.

ಬಂದುವೇನೋ ಸರಿ, ಆದರೆ ಮನೆಮನೆಯಲ್ಲಿ ಇದ್ದುದು ಮೋನೋ ಯಂತ್ರವೇ. ಅಮೆರಿಕದಲ್ಲಿ ಮೋನೋ ತಟ್ಟೆಗೆ ಸಾಮಾನ್ಯವಾಗಿ 3.98 ಡಾಲರು, ಸ್ಟೀರಿಯೊ ತಟ್ಟೆಗೆ 4.98 ಡಾಲರು ಬೆಲೆಯಿದ್ದಿತು. ರೇಡಿಯೋದಲ್ಲಿ ಕೇಳಿಬರುತ್ತಿದ್ದುದೂ ಒಂದೇ ಧ್ವನಿ. ತರುಣರು ಕೊಳ್ಳುವ ಹಾಡುಗಳನ್ನು ತಯಾರಿಸುವವರು ಮೋನೋ ಪಾಠಕ್ಕೇ ತಮ್ಮ ಗಮನವನ್ನೆಲ್ಲ ಕೊಟ್ಟು, ಸ್ಟೀರಿಯೊ ಪಾಠವನ್ನು ಕಡೆಯಲ್ಲಿ ಹೇಗೋ ಮುಗಿಸಿಬಿಡುತ್ತಿದ್ದರು. ಬೀಟಲ್ಸ್ ಎಂಬ ಗಾಯಕರ ಮೊದಲನೆಯ ದೀರ್ಘ ತಟ್ಟೆಯ ಹದಿನಾಲ್ಕು ಹಾಡುಗಳಲ್ಲಿ ಹತ್ತು 1963ರ ಫೆಬ್ರವರಿ 11ರಂದು, ಒಂದೇ ದಿನದಲ್ಲಿ ಮುದ್ರಿತವಾದುವು. ಟೇಪಿನ ಒಂದು ಪಥದಲ್ಲಿ ಕಂಠ, ಇನ್ನೊಂದರಲ್ಲಿ ವಾದ್ಯ. ಎರಡನ್ನೂ ತರುವಾಯ ಹದವಾಗಿ ಕೂಡಿಸಿ ಒಂದಾಗಿಸುವುದೇ ಅದರ ಉದ್ದೇಶವಾಗಿದ್ದಿತು. ಸ್ಟೀರಿಯೊ ಬೇಕೆಂದವರಿಗೆ ಆ ಎರಡು ಪಥಗಳನ್ನು ಎರಡು ಕಡೆಗೆ ಹಂಚಿ ಕೊಟ್ಟರು. ಕೇಳಿದವರಿಗೆ, ಭಾಗವತನು ಒಂದೂರಿನಲ್ಲಿಯೂ ಮದ್ದಳೆಯವನು ಇನ್ನೊಂದೂರಿನಲ್ಲಿಯೂ ಕುಳಿತು ಆಟ ನಡೆಯಿಸಿದಂತೆ ತೋರಿದರೆ ಆಶ್ಚರ್ಯವಿಲ್ಲ.

1967ರ ಜೂನ್ 1ರಂದು ಪ್ರಕಟವಾದ ‘ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’ ಎಂಬ ತಟ್ಟೆಯು ಇದಕ್ಕೆ ಮುಖ್ಯ ನಿದರ್ಶನವು. ಅದರ ಮೋನೋ ಪಾಠವನ್ನು ಹೊಂದಿಸುವಾಗ ಗಾಯಕರು ತಾವೇ ಕುಳಿತು ವಾರಗಟ್ಟಲೆ ಪರಿಶ್ರಮಿಸಿದರು. ಸ್ಟೀರಿಯೊ ಪಾಠವು ಅವರ ಗೈರುಹಾಜರಿಯಲ್ಲಿ ಕೆಲವೇ ದಿನಗಳಲ್ಲಿ ಮುಗಿಯಿತು. ಎರಡನ್ನೂ ಹತ್ತಿರವಿಟ್ಟು ಕೇಳಿದರೆ ಪಾಠಭೇದಗಳು ಸ್ಪಷ್ಟವಾಗುವುವು. ಮನೆಬಿಟ್ಟು ಹೊರಟುಹೋದ ಹುಡುಗಿಯನ್ನು ಕುರಿತ ‘ಷೀ ಈಸ್ ಲೀವಿಂಗ್ ಹೋಮ್’ ಎಂಬ ಹಾಡು ಮೋನೋದಲ್ಲಿ ಹೆಚ್ಚು ವೇಗವಾಗಿಯೂ ಶ್ರುತಿಯಲ್ಲಿ ಹೆಚ್ಚು ಏರಿಯೂ ಇರುವುದು. ಸ್ಟೀರಿಯೊದಲ್ಲಿ ಅದೇ ಹಾಡು ನಿಧಾನವಾಗಿ ಕೊಂಚ ಜಡವಾಗಿಯೇ ನಡೆಯುವುದು. 1968ರ ನವೆಂಬರಿನಲ್ಲಿ ಬಂದ ಬಿಳಿಯ ಹೊದಿಕೆಯ ಜೋಡಿ ತಟ್ಟೆಯಲ್ಲಿ ‘ಹೆಲ್ಟರ್ ಸ್ಕೆಲ್ಟರ್’ ಎಂಬ ಹಾಡಿನ ಕೊನೆಗೆ, ಮೃದಂಗಗಾರನು ಕೈಯಲ್ಲಿ ಬೊಬ್ಬೆಗಳೆದ್ದುವೆಂದು ಕೂಗಿಕೊಳ್ಳುವುದು ಸ್ಟೀರಿಯೊದಲ್ಲಿ ಉಂಟು, ಮೋನೋದಲ್ಲಿಲ್ಲ. ಇಲ್ಲಿ ಮಾತ್ರ ರಸಿಕರು ಸ್ಟೀರಿಯೊದ ಪಕ್ಷವನ್ನು ಹಿಡಿದರೆ ತಪ್ಪೆನ್ನಲಾಗದು.

ಈ ಜೋಡಿ ತಟ್ಟೆಯ ಮೋನೋ ಪಾಠವು ಇಂಗ್ಲೆಂಡಿನಲ್ಲಿ ಹೊರಟರೂ ಅಮೆರಿಕದಲ್ಲಿ ಹೊರಡಲೇ ಇಲ್ಲ. ಆ ವೇಳೆಗೆ ಅಲ್ಲಿಯ ವ್ಯಾಪಾರಿಗಳು ಮೋನೋವನ್ನು ಕೈಬಿಡುತ್ತಿದ್ದರು. 1969ರ ‘ಆಬಿ ರೋಡ್’ ತಟ್ಟೆಯು ಸ್ಟೀರಿಯೊದಲ್ಲಿ ಮಾತ್ರ ತಯಾರಾಯಿತು. ಅನಂತರ ಹಳೆಯ ಹಾಡುಗಳನ್ನು ಮತ್ತೆ ಮತ್ತೆ ಅಚ್ಚುಮಾಡಿದಾಗಲೂ ಗಾಯಕರ ಗೈರುಹಾಜರಿಯ ಪಾಠವೇ ಲೋಕದಲ್ಲಿ ಬಳಕೆಗೆ ಬಂದಿತು. 1987ರಲ್ಲಿ ಈ ಹಾಡುಗಳು ಸಿ.ಡಿ. ರೂಪದಲ್ಲಿ ಬಂದಾಗ ಮೊದಲ ನಾಲ್ಕು ಸಂಪುಟಗಳು ಮಾತ್ರ ಮೋನೋ. ಮುಖ್ಯವಾದ ಪಾಠಭೇದಗಳುಳ್ಳ ಮುಂದಿನವೆಲ್ಲ ಸ್ಟೀರಿಯೊ. ಹೀಗೆ ಎರಡು ತಲೆಮಾರಿನ ಕೇಳುಗರು, ಕರ್ತೃಗಳು ಒಪ್ಪಿ ಕಳುಹಿಸಿದ ಪಾಠವನ್ನು ಅರಿಯದೆಯೇ ಅವರನ್ನು ಕೊಂಡಾಡುತ್ತಿದ್ದರು.

ಮೋನೋ ಬೇಕಾದವರು ಅರುವತ್ತರ ದಶಕದ ಮೊದಲ ಅಚ್ಚಿನ ತಟ್ಟೆಗಳನ್ನೇ ಹುಡುಕಬೇಕಾಯಿತು. ತಟ್ಟೆಯ ನಡುವಿನ ಚೀಟಿಯ ಸುತ್ತ, ಗೀರು ಮುಗಿಯುವೆಡೆಯಲ್ಲಿ ಕೆತ್ತಿರುವ ಸಣ್ಣ ಅಂಕೆಗಳನ್ನು ಓದಿ ಅದು ಎಷ್ಟನೆಯ ಅಚ್ಚೆಂದು ಹೇಳುವ ವಿದ್ಯೆಯೊಂದು ಬೆಳೆಯಿತು. ಇದು ತಾಳೆಯೋಲೆಯ ಪುಷ್ಪಿಕೆಯನ್ನು ಓದುವುದಕ್ಕೆ ಸಮಾನವಾದುದು. ಆದರೆ ಅಂದಿನ ಭಾರವಾದ ಮುಳ್ಳುಗಳು ಉತ್ತು ಹಾಳುಮಾಡದ ಪ್ರತಿಗಳು ವಿರಳ. ದೊರೆತವುಗಳ ಬೆಲೆಯೋ ಸಾಮಾನ್ಯರ ಕೈಗೆ ಎಟುಕದು.

2009ರಲ್ಲಿ ಮೋನೋ ಪಾಠಗಳು ಸಿ.ಡಿ.ಗಳಲ್ಲಿ ಬಂದುವು. 2014ರ ಸೆಪ್ಟೆಂಬರಿನಲ್ಲಿ ಅವು ವಿನೈಲ್ ತಟ್ಟೆಗಳಾಗಿ, ಹನ್ನೊಂದು ಸಂಪುಟಗಳು ಹದಿನಾಲ್ಕು ತಟ್ಟೆಗಳಲ್ಲಿ, ಒಂದೇ ಪೆಟ್ಟಿಗೆಯೊಳಗೆ ಪ್ರಕಟವಾದುವು. ಷಾನ್ ಮಗೀ, ಸ್ಟೀವ್ ಬರ್ಕೊವಿಟ್ಸ್ ಎಂಬಿಬ್ಬರು ಲಂಡನ್ನಿನ ಆಬಿ ರೋಡ್ ಶಾಲೆಯಲ್ಲಿ ಈ ಕಾರ್ಯವನ್ನು ನಡೆಯಿಸಿದ ರೀತಿಯು ಪ್ರಶಂಸಾರ್ಹವಾದುದು. ಅವರು ಅರುವತ್ತರ ದಶಕದ ಮೂಲ ಟೇಪುಗಳನ್ನೇ ಹೊರತೆಗೆದರು. ಹಿಂದಿನ ಕೊರೆತಗಾರರು ಬರೆದಿಟ್ಟಿದ್ದ ಟಿಪ್ಪಣಿಗಳನ್ನು ನೋಡಿದರು. ಮೊದಲ ಅಚ್ಚಿನ ತಟ್ಟೆಗಳೊಡನೆ ಹೋಲಿಸಿದರು. ಬಳಿಕ ನಡುವೆ ಎಲ್ಲಿಯೂ ಧ್ವನಿಯನ್ನು ಅಂಕೆಗಳಾಗಿ ಮಾರ್ಪಡಿಸದೆ, ಟೇಪಿನಿಂದ ನೇರವಾಗಿ ನಾಯ್ಮನ್ ಯಂತ್ರವೊಂದರ ಮೂಲಕ ಲ್ಯಾಕರ್ ಲೇಪಿಸಿದ ಫಲಕಗಳ ಮೇಲೆ ಗೀರನ್ನು ಕೊರೆದರು. ತಟ್ಟೆಗಳು ಜರ್ಮನಿಯಲ್ಲಿ ಅಚ್ಚಾದುವು. ಎರಡು ವರ್ಷಗಳ ಹಿಂದೆ ಹೊರಟಿದ್ದ ಸ್ಟೀರಿಯೊ ಪೆಟ್ಟಿಗೆಯನ್ನು ಅಂಕೀಯ ಪ್ರತಿಗಳಿಂದ ಮಾಡಿದ್ದರೆಂಬುದನ್ನು ನೆನೆದರೆ, ಸಂಗ್ರಾಹಕರು ಈ ಪೆಟ್ಟಿಗೆಗೆ ಏಕೆ ಮುಗಿಬಿದ್ದರೆಂಬುದು ತಿಳಿಯುವುದು.

‘ಯಲ್ಲೋ ಸಬ್‌ಮೆರೀನ್’ ಎಂಬ ಸಂಪುಟವನ್ನು ಪೆಟ್ಟಿಗೆಯಲ್ಲಿ ಸೇರಿಸದಿದ್ದುದು ಪರಿಷ್ಕರಣ ವಿವೇಕಕ್ಕೆ ಸಾಕ್ಷಿಯಾಗಿರುವುದು. 1969ರಲ್ಲಿ ಇಂಗ್ಲೆಂಡಿನಲ್ಲಿ ಮಾರಿದ ಅದರ ಮೋನೋ ತಟ್ಟೆಯು ನಿಜವಾದ ಮೋನೋ ಅಲ್ಲ. ಸ್ಟೀರಿಯೊದ ಎರಡು ಪ್ರವಾಹಗಳನ್ನು ಯಾಂತ್ರಿಕವಾಗಿ ಒಂದಾಗಿ ಮಡಚಿದ್ದುದು. ಇದನ್ನು ಪ್ರಕ್ಷಿಪ್ತವೆಂದೇ ಎಣಿಸಬೇಕು. ಅದರೊಳಗಿನ ಹೊಸ ಹಾಡುಗಳು ನಾಲ್ಕಕ್ಕೂ ಬೇರೆಯಾಗಿ ಹೊಂದಿಸಿದ್ದ ನಿಜವಾದ ಮೋನೋ ಪಾಠಗಳಿದ್ದುದರಿಂದ ಅವುಗಳನ್ನು ಮಾತ್ರ ಬಿಡಿ ಹಾಡುಗಳ ಸಂಪುಟದಲ್ಲಿ ಸೇರಿಸಿದರು. ಇದಕ್ಕೆ ವಿಪರೀತವಾದ ಅಪರಾಧವನ್ನು ಅಮೆರಿಕದ ಕ್ಯಾಪಿಟಲ್ ಕಂಪೆನಿಯವರು ಹಿಂದೆಯೇ ಮಾಡಿದ್ದರು. ಮೋನೋ ಧ್ವನಿಯನ್ನು ಒಂದು ಕಡೆ ತಾರವಾಗಿಯೂ ಇನ್ನೊಂದು ಕಡೆ ಮಂದ್ರವಾಗಿಯೂ ಸೀಳಿ ‘ಡ್ಯುಯೊಫೋನಿಕ್’ ಎಂಬ ಹೆಸರಿನಿಂದ ಮಾರಿದರು. ಬೀಚ್ ಬಾಯ್ಸರ ‘ಪೆಟ್ ಸೌಂಡ್ಸ್’ (1966) ಎಂಬ ಉತ್ಕೃಷ್ಟ ಕೃತಿಗೂ ಈ ಗತಿಯೇ ಒದಗಿತು. ಅದರ ಕರ್ತೃವಾದ ಬ್ರಯನ್ ವಿಲ್ಸನ್ನನಿಗೆ ಬಾಲ್ಯದಿಂದಲೂ ಬಲಗಿವಿ ಬಹುಮಟ್ಟಿಗೆ ಕೇಳಿಸುತ್ತಿರಲಿಲ್ಲ. ಒಂದೇ ಕಿವಿಯುಳ್ಳವನು ಒಂದೇ ಧ್ವನಿಯಲ್ಲಿ ಸಂಯೋಜಿಸಿದ ಕೃತಿಯನ್ನು ಸೀಳುವುದು ಅರಸಿಕತೆಯ ಪರಮಾವಧಿಯು. ಅದಕ್ಕೆ ನಿಜವಾದ ಸ್ಟೀರಿಯೊ ಪಾಠವು ಪ್ರಕಟವಾದುದು 1997ರಲ್ಲಿ.

ಬಾಬ್ ಡಿಲನ್ನನ ಮೊದಲ ಎಂಟು ಸಂಪುಟಗಳು 2010ರಲ್ಲಿಯೂ ರೋಲಿಂಗ್ ಸ್ಟೋನ್ಸರ ಮೋನೋ ಪೆಟ್ಟಿಗೆಯು 2016ರಲ್ಲಿಯೂ ಬಂದುವು. ಆದರೆ ಹೊದಿಕೆಯ ಮೇಲಿನ ಮಾತನ್ನು ನಂಬಿ ಕೊಳ್ಳುವವರು ಎಚ್ಚರವಾಗಿರಬೇಕು. ಮೂಲ ಟೇಪಿನಿಂದ ಕೊರೆದುದೆಂದು ಹೆಸರುವಾಸಿಯಾದ ಅಮೆರಿಕದ ಸಂಸ್ಥೆಯೊಂದು, ನಡುವೆ ಅಂಕೀಯ ಪ್ರತಿಯನ್ನು ಬಳಸುತ್ತಿದ್ದುದನ್ನು 2022ರಲ್ಲಿ ಒಪ್ಪಿಕೊಳ್ಳಬೇಕಾಯಿತು. ವ್ಯವಹಾರವು ನ್ಯಾಯಸ್ಥಾನದವರೆಗೂ ಹೋಯಿತು. ವರ್ಷಗಟ್ಟಲೆ ಯಾವ ಕಿವಿಯೂ ಅದನ್ನು ಖಚಿತವಾಗಿ ಕಂಡುಹಿಡಿಯಲಿಲ್ಲವೆಂಬುದು ಈ ವಿಷಯದಲ್ಲಿ ಪಂಡಿತಂಮನ್ಯರಾದವರಿಗೆ ಮುಜುಗರವನ್ನುಂಟುಮಾಡಿದ ಸಂಗತಿ. ತಟ್ಟೆಯನ್ನು ನುಡಿಸುವ ಕ್ರಮವೂ ಮುಖ್ಯವಾದುದು. ಸ್ಟೀರಿಯೊ ಮುಳ್ಳು ಮೇಲುಕೆಳಗಿನ ಚಲನೆಯನ್ನೂ ಗ್ರಹಿಸುವುದರಿಂದ, ಮೋನೋ ಗೀರಿನಲ್ಲಿ ಆ ದಿಕ್ಕಿಗೆ ಇರುವ ಧೂಳು ಸವೆತಗಳನ್ನೆಲ್ಲ ಚಟಪಟ ಸದ್ದಾಗಿ ಒಪ್ಪಿಸುವುದು. ಮೋನೋಗೆಂದೇ ಮಾಡಿದ ಮುಳ್ಳಿನ ಯಂತ್ರವನ್ನು ಜೋಡಿಸಿದರೆ, ಇಲ್ಲವೇ ಎರಡು ಪ್ರವಾಹಗಳನ್ನು ಕೂಡಿಸುವ ಗುಂಡಿಯನ್ನೊತ್ತಿದರೆ, ಆ ಸದ್ದು ಬಹಳ ಮಟ್ಟಿಗೆ ಅಡಗಿ ಹಾಡು ಎದುರಿಗೆ ಬಂದು ನಿಲ್ಲುವುದು.

ಭರತಖಂಡಕ್ಕೂ ಈ ಚರಿತ್ರೆಯಲ್ಲಿ ಪಾಲುಂಟು. 1968ರ ಜನವರಿಯಲ್ಲಿ ಬೀಟಲ್ಸರಲ್ಲೊಬ್ಬನಾದ ಜಾರ್ಜ್ ಹ್ಯಾರಿಸನ್ನನು ಮುಂಬಯಿಯ ಎಚ್.ಎಂ.ವಿ. ಶಾಲೆಗೆ ಬಂದು ನಮ್ಮ ವಾದ್ಯಗಾರರಿಂದ ನುಡಿಸಿ ಮುದ್ರಿಸಿಕೊಂಡನು. ಅಲ್ಲಿದ್ದುದು ಮೋನೋ ಯಂತ್ರವಾದುದರಿಂದ, ಗ್ರಾಮಫೋನ್ ಕಂಪೆನಿಯ ಭಾಸ್ಕರ ಮೆನನ್ನರು ಕಲ್ಕತ್ತೆಯಿಂದ ಎರಡು ಪಥದ ಯಂತ್ರವೊಂದನ್ನು ರೈಲಿನಲ್ಲಿ ತಂದುಕೊಟ್ಟರೆಂದು ಆತನೇ ಹೇಳಿರುವನು. ಆಗ ಮುದ್ರಿತವಾದ ವಾದ್ಯಸಂಗೀತಕ್ಕೆ ಲಂಡನ್ನಿನಲ್ಲಿ ಕಂಠವನ್ನು ಕೂಡಿಸಿ ‘ದಿ ಇನ್ನರ್ ಲೈಟ್’ ಎಂಬ ಹಾಡನ್ನು ಅದೇ ಮಾರ್ಚಿಯಲ್ಲಿ ಮೋನೋ ರೂಪದಲ್ಲಿ ಪ್ರಕಟಿಸಿದರು. ಅದರ ಸ್ಟೀರಿಯೊ ಪಾಠವನ್ನು ಹೊಂದಿಸಿದುದು 1970ರಲ್ಲಿ.

ಇದಕ್ಕಿಂತಲೂ ವಿಚಿತ್ರವಾದುದು ಇನ್ನೊಂದುಂಟು. ನಿಮಿಷಕ್ಕೆ 78 ಸುತ್ತು ಸುತ್ತುವ ಅರಗಿನ ತಟ್ಟೆಗಳು ಇಂಗ್ಲೆಂಡು ಅಮೆರಿಕಗಳಲ್ಲಿ 1960ರ ಹೊತ್ತಿಗೆ ನಿಂತುಹೋಗಿದ್ದುವು. ವಿದ್ಯುಚ್ಛಕ್ತಿಯಿಲ್ಲದ ಮನೆಗಳಲ್ಲಿ ಕೀಲಿ ಕೊಡುವ ಯಂತ್ರಗಳು ಇನ್ನೂ ಹಾಡುತ್ತಿದ್ದ ನಮ್ಮ ದೇಶದಲ್ಲಿ ಮಾತ್ರ ಅವು ಮುಂದುವರಿದುವು. ಬೀಟಲ್ಸರ ಹಾಡುಗಳೂ ಆ ದಶಕದ ನಡುವಿನವರೆಗೆ ಅರಗಿನ ಮೇಲೆ ಅಚ್ಚಾದುವು. ಅವು ಕೆಳಗೆ ಬಿದ್ದರೆ ಒಡೆಯುವಂಥವು. ಉಕ್ಕಿನ ಮುಳ್ಳಿನಡಿಯಲ್ಲಿ ಬೇಗನೆ ಸವೆಯುವಂಥವು. ಉಳಿದುಬಂದ ಕೆಲವನ್ನು ಇಂದು ವಿದೇಶೀಯ ಸಂಗ್ರಾಹಕರು ಹೆಚ್ಚಿನ ಬೆಲೆ ತೆತ್ತು ಕೊಂಡೊಯ್ಯುತ್ತಿರುವರು.