ಬಿನಾಕಾ ಗೀತಮಾಲಾ ಮತ್ತು ನಮ್ಮ ಮೈಸೂರು

ಒಂದು ಕಾಲದಲ್ಲಿ ಮೈಸೂರಿನ ಡಿಸೆಂಬರ್ ತಿಂಗಳಿಗೆ ಎರಡು ಗುರುತುಗಳಿದ್ದವು. ಒಂದು, ಧನುರ್ಮಾಸದ ಮುಂಜಾನೆಯ ಹುಗ್ಗಿಯ ಪರಿಮಳ. ಇನ್ನೊಂದು, ಬುಧವಾರ ರಾತ್ರಿ ಎಂಟು ಗಂಟೆಗೆ ರೇಡಿಯೋ ಸಿಲೋನಿನಿಂದ ತೇಲಿಬರುತ್ತಿದ್ದ ಅಮೀನ್ ಸಯಾನಿಯವರ ಕಂಠ. ‘ಬಿನಾಕಾ ಗೀತಮಾಲಾ’ ವರ್ಷವಿಡೀ ಜನ ಮೆಚ್ಚಿದ ಹಿಂದಿ ಚಿತ್ರಗೀತೆಗಳನ್ನು ಕೆಳಗಿನ ಮೆಟ್ಟಿಲಿನಿಂದ ಒಂದೊಂದಾಗಿ ಕೇಳಿಸುತ್ತ ಮೇಲೇರಿ, ವರ್ಷಾಂತ್ಯದಲ್ಲಿ ಅಗ್ರಗೀತೆ ಯಾವುದೆಂದು ಸಾರುತ್ತಿತ್ತು. ಹಿಂದಿ ಅರ್ಥವಾಗದವರೂ ಆ ಕ್ಷಣಕ್ಕಾಗಿ ಉಸಿರು ಬಿಗಿಹಿಡಿದು ಕಾಯುತ್ತಿದ್ದರು.

ಇದರಲ್ಲೊಂದು ವಿಪರ್ಯಾಸವಿದೆ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಆರಂಭಿಸಿದ ಊರು ನಮ್ಮದು. ಇಡೀ ದೇಶದ ಬಾನುಲಿಗೆ ಮುಂದೆ ಹೆಸರಾದ ‘ಆಕಾಶವಾಣಿ’ ಎಂಬ ಪದ ಮೊದಲು ಬಳಕೆಗೆ ಬಂದದ್ದು ಇಲ್ಲಿ. ಆದರೆ 1955ರಲ್ಲಿ ಕೇಂದ್ರವು ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಮೈಸೂರಿಗೆ ಮತ್ತೆ ಕೇಂದ್ರ ದೊರೆತದ್ದು 1974ರಲ್ಲಿ. ನಡುವಿನ ಆ ಎರಡು ದಶಕಗಳೇ ಗೀತಮಾಲಾದ ಉತ್ಕರ್ಷದ ಕಾಲ. ಆಕಾಶವಾಣಿಯ ತವರಿನವರು ಹಾಡಿಗಾಗಿ ಕೊಲಂಬೊ ಕಡೆಗೆ ಕಿವಿಗೊಟ್ಟಿದ್ದರು!

ಕಾರಣ ಸ್ಪಷ್ಟ. 1952ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಅವರು ಶಾಸ್ತ್ರೀಯ ಸಂಗೀತದ ಪಕ್ಷಪಾತಿಗಳು. ಚಿತ್ರಗೀತೆ ಅಭಿರುಚಿಯನ್ನು ಕೆಡಿಸುತ್ತದೆಂಬುದು ಅವರ ನಿಲುವು. ಸರ್ಕಾರಿ ಬಾನುಲಿಯಿಂದ ಚಿತ್ರಗೀತೆಗಳು ಮರೆಯಾದವು. ಅದೇ ವರ್ಷದ ಡಿಸೆಂಬರಿನಲ್ಲಿ, ಬಿನಾಕಾ ಟೂತ್‌ಪೇಸ್ಟ್ ತಯಾರಿಸುತ್ತಿದ್ದ ಸೀಬಾ ಕಂಪನಿಯ ಪ್ರಾಯೋಜಕತ್ವದಲ್ಲಿ ಗೀತಮಾಲಾ ಹುಟ್ಟಿತು. ಕಾರ್ಯಕ್ರಮ ಧ್ವನಿಮುದ್ರಣವಾಗುತ್ತಿದ್ದುದು ಮುಂಬಯಿಯಲ್ಲಿ. ಟೇಪುಗಳು ವಿಮಾನವೇರಿ ಕೊಲಂಬೊ ತಲುಪಿ, ಶಾರ್ಟ್‌ವೇವ್‌ನಲ್ಲಿ ಭಾರತಕ್ಕೆ ಹಿಂದಿರುಗುತ್ತಿದ್ದವು. ಸರ್ಕಾರವು 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನು ಆರಂಭಿಸಿದರೂ, ಬುಧವಾರದ ಆ ಒಂದು ಗಂಟೆಯ ಆಕರ್ಷಣೆ ಕುಂದಲಿಲ್ಲ.

ಹಾಡುಗಳ ಸ್ಥಾನ ನಿರ್ಧಾರವಾಗುತ್ತಿದ್ದುದು ಹೇಗೆ? ಮುಖ್ಯವಾಗಿ ಅಂಗಡಿಗಳಲ್ಲಿ ಮಾರಾಟವಾದ ಗ್ರಾಮಫೋನ್ ತಟ್ಟೆಗಳ ಲೆಕ್ಕದಿಂದ. ಜೊತೆಗೆ ಊರೂರುಗಳ ಶ್ರೋತೃ ಸಂಘಗಳು ಕಳುಹಿಸುತ್ತಿದ್ದ ಅಭಿಪ್ರಾಯಗಳಿಂದ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ತಟ್ಟೆ ಕೊಳ್ಳುವ ಶಕ್ತಿಯಿದ್ದವರು ಎಷ್ಟು ಮಂದಿ? ಹೋಟೆಲಿನಲ್ಲಿ ಒಂದು ಲೋಟ ಕಾಫಿ ಮುಂದಿಟ್ಟುಕೊಂಡು ಅರ್ಧ ಗಂಟೆ ಹಾಡು ಕೇಳಿದವನು, ಪಕ್ಕದ ಮನೆಯ ರೇಡಿಯೋಕ್ಕೆ ಕಿಟಕಿಯಿಂದಲೇ ಕಿವಿಗೊಟ್ಟ ಗೃಹಿಣಿ ಆ ಲೆಕ್ಕದಲ್ಲಿ ಸೇರುತ್ತಿರಲಿಲ್ಲ.

1966ರ ವರ್ಷಾಂತ್ಯವನ್ನೇ ನೋಡೋಣ. ಅಗ್ರಸ್ಥಾನ ಪಡೆದದ್ದು ‘ಸೂರಜ್’ ಚಿತ್ರದ, ಮಹಮ್ಮದ್ ರಫಿ ಹಾಡಿದ ಗೀತೆ. ಸಾಹಿತ್ಯ ಹಸ್ರತ್ ಜೈಪುರಿಯವರದು, ಸಂಗೀತ ಶಂಕರ್-ಜೈಕಿಶನ್ ಅವರದು. ಹೂಮಳೆಯನ್ನು ಬೇಡುವ ಆ ಹಾಡನ್ನು ಮದುವೆಯ ಮೆರವಣಿಗೆಗಳಲ್ಲಿ ಬ್ಯಾಂಡಿನವರು ಇಂದಿಗೂ ನುಡಿಸುತ್ತಾರೆ. ಅದು ಆ ಗೌರವಕ್ಕೆ ಅರ್ಹವೇ, ಸಂದೇಹವಿಲ್ಲ.

ಅದೇ 1966ರಲ್ಲಿ ಕನ್ನಡದಲ್ಲಿ ‘ಸಂಧ್ಯಾರಾಗ’ ಬಂದಿತು. ಅ.ನ. ಕೃಷ್ಣರಾಯರ ಕಾದಂಬರಿಯನ್ನು ಆಧರಿಸಿದ, ರಾಜ್‌ಕುಮಾರ್ ಅಭಿನಯದ ಈ ಚಿತ್ರಕ್ಕೆ ಭೀಮಸೇನ ಜೋಶಿ, ಬಾಲಮುರಳಿಕೃಷ್ಣ, ಎಸ್. ಜಾನಕಿ ಹಾಡಿದರು. ಹಿಂದುಸ್ತಾನಿ, ಕರ್ನಾಟಕ ಎರಡೂ ಪದ್ಧತಿಗಳ ದಿಗ್ಗಜರು ಒಂದೇ ಕನ್ನಡ ಚಿತ್ರದಲ್ಲಿ! ಕೇಸ್ಕರರ ಆಕ್ಷೇಪಣೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿತ್ತೇ? ಗೀತಮಾಲಾದಲ್ಲಿ ಈ ಹಾಡುಗಳಿಗೆ ಸ್ಥಾನವಿರುವುದು ಸಾಧ್ಯವಿರಲಿಲ್ಲ. ಅದು ಹಿಂದಿ ಹಾಡುಗಳ ಕಾರ್ಯಕ್ರಮ. ತಪ್ಪು ಅದರದಲ್ಲ. ಆದರೆ ಕನ್ನಡದ ಹಾಡುಗಳಿಗೆ ಅಷ್ಟು ದೀರ್ಘಕಾಲ ವಾರವಾರವೂ ಲೆಕ್ಕವಿಟ್ಟ, ಊರೂರಿನವರು ಕಾದು ಕೇಳಿದ ಇನ್ನೊಂದು ಗೀತಮಾಲಾ ನಮಗೆ ದಕ್ಕಲಿಲ್ಲ.

ಇದರ ಫಲವೇನೆಂದರೆ, 1953ರಲ್ಲಿ ‘ಅನಾರ್ಕಲಿ’ಯ ಲತಾ ಮಂಗೇಶ್ಕರ್, 1955ರಲ್ಲಿ ‘ಶ್ರೀ 420’ರ ಮುಖೇಶ್, 1974ರಲ್ಲಿ ‘ಕೋರಾ ಕಾಗಜ್’ನ ಕಿಶೋರ್ ಕುಮಾರ್ ಎಂದು ಹಿಂದಿಯ ಅಗ್ರಗೀತೆಗಳನ್ನು ವರ್ಷಸಮೇತ ಹೇಳಬಹುದು. ಆ ವರ್ಷಗಳಲ್ಲಿ ಮೈಸೂರಿನ ಮನೆಗಳಲ್ಲಿ ಹೆಚ್ಚು ಗುನುಗಿದ ಕನ್ನಡದ ಹಾಡು ಯಾವುದೆಂದು ಕೇಳಿದರೆ, ತೋರಿಸಲು ನಮ್ಮಲ್ಲಿ ಪಟ್ಟಿಯಿಲ್ಲ. ಚಿತ್ರಗಳು ಉಳಿದಿವೆ, ತಟ್ಟೆಗಳೂ ಅಲ್ಲಲ್ಲಿ ಉಳಿದಿವೆ. ಕೇಳಿದವರ ಒಲವು ಮಾತ್ರ ದಾಖಲಾಗಲಿಲ್ಲ. ಅರಮನೆಯ ಆಸ್ಥಾನ ವಿದ್ವಾಂಸರ ಚರಿತ್ರೆ ಬರೆದುಕೊಂಡ ಊರು, ತನ್ನ ಅಡುಗೆಮನೆಯ ಸಂಗೀತದ ಚರಿತ್ರೆಯನ್ನು ಬರೆದುಕೊಳ್ಳಲಿಲ್ಲ.

ಅಮೀನ್ ಸಯಾನಿಯವರು 2024ರ ಫೆಬ್ರವರಿ 20ರಂದು, ತಮ್ಮ 91ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರನ್ನು ಕೇಳಿ ಬೆಳೆದ ತಲೆಮಾರೂ ದಿನದಿನಕ್ಕೆ ಕ್ಷೀಣಿಸುತ್ತಿದೆ. ಓದುಗರಲ್ಲಿ ನನ್ನದೊಂದು ವಿನಂತಿ. ಮನೆಯಲ್ಲಿ ಎಂಬತ್ತರ ಆಸುಪಾಸಿನ ಅಜ್ಜಿಯೋ ತಾತನೋ ಇದ್ದರೆ, ಈ ವರ್ಷದ ರಜೆಯಲ್ಲಿ ಅವರ ಬಳಿ ಕುಳಿತು, ಆಗ ಅವರು ಗುನುಗುತ್ತಿದ್ದ ಕನ್ನಡದ ಹಾಡುಗಳು ಯಾವುವು, ಎಲ್ಲಿ ಕೇಳಿದರು, ಯಾರ ಮನೆಯ ರೇಡಿಯೋ ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಿ. ಹತ್ತು ಮನೆಗಳವರು ಹೀಗೆ ಬರೆದರೂ ಒಂದು ಬೀದಿಯ ಪಟ್ಟಿ ಸಿದ್ಧವಾದಂತೆ.